ಬೇಗೂರು ದಾಟುವುದು ಹೇಗೆ

ಚಾಮರಾಜನಗರದಿಂದ ಕಬಿನಿ ಹಿನ್ನೀರಿಗೆ ಹೋಗುವುದು ದೊಡ್ಡ ವಿಷಯವೇನಲ್ಲ. ಗುಂಡ್ಲುಪೇಟೆ, ಬೇಗೂರು, ಸರಗೂರು, ಅಷ್ಟೇ ದಾರಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ನೀರಿನ ಮುಂದೆ ಕೂತಿರಬಹುದು. ನಮ್ಮ ಮನೆಯಿಂದ ಹೊರಟರೆ ಮಾತ್ರ ಅದು ಆಗುವುದಿಲ್ಲ, ಏಕೆಂದರೆ ದಾರಿಯುದ್ದಕ್ಕೂ ನಮ್ಮ ಅತ್ತೆಯ ನೆಂಟರಿದ್ದಾರೆ.

ಹೋಗಬೇಕು ಅಂದವರೂ ಅತ್ತೆಯೇ. ಮೈಸೂರಿನ ಕಣ್ಣಿನ ಡಾಕ್ಟರು ಅವರನ್ನು ಪರೀಕ್ಷೆ ಮಾಡಿ, ಅಕ್ಕಪಕ್ಕದ ನೋಟ ಆಗಲೇ ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ, ನಡುವೆ ಉಳಿದಿರುವುದೂ ಎಷ್ಟು ದಿನವೋ ಹೇಳಲಾಗದು ಅಂದಿದ್ದರು. ವಾಪಸ್ ಬರುವಾಗ ನಂಜನಗೂಡು ದಾಟಿದ ಮೇಲೆ ಅತ್ತೆ, “ಆ ಕಬಿನಿ ನೀರ ಒಂದ್ಸಲ ನೋಡ್ಬುಡಬೇಕು ಕಣವ್ವ. ಬೋ ಅಗ್ಲವಂತೆ” ಅಂದರು. ಹುಟ್ಟಿದ್ದು ಬೇಗೂರಿನಲ್ಲಿ, ಮದುವೆ ಮಾಡಿ ಕೊಟ್ಟದ್ದು ಚಂದಕವಾಡಿಗೆ. ಊರ ಕೆರೆಗಿಂತ ದೊಡ್ಡ ನೀರನ್ನು ಅವರು ಕಂಡೇ ಇರಲಿಲ್ಲ.

ನಾನು ಸ್ಕೂಲ್ ಟೀಚರು, ಪ್ಲಾನ್ ಮಾಡುವುದೆಂದರೆ ನನಗೆ ಹುಮ್ಮಸ್ಸು. ಭಾನುವಾರ ಗೊತ್ತು ಮಾಡಿದೆ. ಬೆಳಿಗ್ಗೆ ಬಂಡೀಪುರದಲ್ಲಿ ಸಫಾರಿ, ಅಲ್ಲಿಂದ ಹಿಂದಿರುಗಿ ಬೇಗೂರಿನ ಮೇಲೆ ಹಿನ್ನೀರಿಗೆ. ಬುತ್ತಿಗೆ ಪುಳಿಯೋಗರೆ, ಮೊಸರನ್ನ. ನನ್ನ ಗಂಡ ಎಲ್ಲಕ್ಕೂ ಹೂಂ ಅಂದರು. ಅವರು ಯಾವುದಕ್ಕೂ ಊಹೂಂ ಅಂದವರಲ್ಲ, ಅದೂ ಒಂದು ತಲೆನೋವೇ.

ಹಿಂದಿನ ಸಂಜೆ ನಾನು ಹುಣಸೆ ಗೊಜ್ಜು ಕುದಿಸುತ್ತಿರುವಾಗ ಅತ್ತೆ ಬೇಗೂರಿನ ತಮ್ಮನಿಗೆ ಫೋನು ಹಚ್ಚಿದರು. “ನಾಳೆ ನಿಮ್ಮೂರ ಮೇಲೇ ಓಯ್ತೀವಿ ಕಣಪ್ಪ. ಮನೆಗೆ ಬರಕಾಗಲ್ಲ, ಬೇಜಾರ್ ಮಾಡ್ಕಬ್ಯಾಡ.”

ನಾನು ಹಣೆ ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಬರುವುದಿಲ್ಲ ಅಂತ ಮುಂಚೆಯೇ ತಿಳಿಸುವುದೂ ಒಂದೇ, ಒಲೆ ಹಚ್ಚಿಡಿ ಅನ್ನುವುದೂ ಒಂದೇ. ಮರುದಿನ ನಾವು ಸಫಾರಿ ಮುಗಿಸಿ ಬೇಗೂರಿಗೆ ಬರುವಷ್ಟರಲ್ಲಿ ಅತ್ತೆಯ ತಮ್ಮ ಮನೆ ಮುಂದಿನ ಹೈವೇಗೇ ಇಳಿದು ಕೈ ಅಡ್ಡ ಹಿಡಿದು ನಿಂತಿದ್ದರು. ನಾಟಿ ಕೋಳಿ ಸಾರು, ಮುದ್ದೆ. ಉಂಡ ಮೇಲೆ ಎಲೆ ಅಡಿಕೆ. ಎಲೆ ಅಡಿಕೆ ಆದ ಮೇಲೆ ನನ್ನ ಗಂಡನಿಗೆ ನಿದ್ದೆ. ಮಡಿಲಿಗೆ ಅಕ್ಕಿ ಹಾಕಿಸಿಕೊಂಡು ಹೊರಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ನನ್ನ ಪುಳಿಯೋಗರೆ ಡಬ್ಬಿಯಲ್ಲೇ ಇತ್ತು. “ಬರೋ ವಾರ ಓಗನ ಬುಡು” ಅಂದರು ಅತ್ತೆ, ಹೊಟ್ಟೆ ತುಂಬಿದ ಸಮಾಧಾನದಲ್ಲಿ.

ಮುಂದಿನ ಸಲ ಬಂಡೀಪುರ ಕೈಬಿಟ್ಟೆ. ಆದರೇನು, ಈ ಸಲ ಫೋನು ಹೋದದ್ದು ಗುಂಡ್ಲುಪೇಟೆಯ ತಂಗಿಗೆ. ಬೇಗೂರಿಗೆ ಹೋಗಿ ನಮ್ಮ ಮನೆಗೆ ಬರಲಿಲ್ಲವಲ್ಲ ಅಂತ ಅವರು ಆಗಲೇ ಮುಖ ಊದಿಸಿಕೊಂಡಿದ್ದರು. ಆ ಭಾನುವಾರ ಗುಂಡ್ಲುಪೇಟೆಯಲ್ಲೇ ಮುಗಿಯಿತು. ಇಷ್ಟು ಸಾಲದೆಂಬಂತೆ, ನಮ್ಮ ದಾರಿಗೆ ಸಂಬಂಧವೇ ಇಲ್ಲದ ಸಂತೆಮರಹಳ್ಳಿಯಿಂದ ಅತ್ತೆಗೆ ಅವರ ಸೋದರತ್ತೆಯ ಮಗಳು ಫೋನು ಮಾಡಿ, “ಆ ಕಡೀಕೆಲ್ಲ ಓಗಕೆ ಪುರುಸೊತ್ತದೆ, ಈ ಕಡೀಕೆ ಮಾತ್ರ ಇಲ್ಲ ಅಲ್ವಾ” ಅಂದರು. ಮ್ಯಾಪಿನಲ್ಲಿ ನಾನು ಕೆರೆ, ಕಾಡು ಹುಡುಕುತ್ತಿದ್ದೆ. ಇವರೆಲ್ಲ ಸೇರಿ ಅದನ್ನು ಬೀಗರೂಟದ ಪಟ್ಟಿ ಮಾಡಿಟ್ಟರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಅತ್ತೆ, ಪಕ್ಕದಲ್ಲೇ ಇಟ್ಟಿದ್ದ ಕಾಫಿ ಲೋಟ ಕಾಣದೆ ಕೈ ತಗುಲಿಸಿ ಉರುಳಿಸಿದರು. ನೆಲ ಒರೆಸುತ್ತಲೇ ರೇಗಿದೆ. “ನಿಮ್ಮ ನೆಂಟರು ಎಲ್ಲೂ ಹೋಗಲ್ಲ ಅತ್ತೆ. ಕಣ್ಣು ಕಾಯುತ್ತಾ?”

ಅತ್ತೆ ಸೊಂಟದಿಂದ ಫೋನು ತೆಗೆದು ನನ್ನ ಕೈಗಿಟ್ಟರು. “ತಕ್ಕ. ಈ ಸಲ ಯಾರ್ಗೂ ಯೋಳಕಿಲ್ಲ.”

ಹೀಗೆ ಕದ್ದು ಹೊರಟೆವು. ಗುಂಡ್ಲುಪೇಟೆ ಹೇಗೋ ದಾಟಿತು. ಬೇಗೂರು ಹತ್ತಿರವಾಗುತ್ತಿದ್ದಂತೆ ಹಿಂದಿನ ಸೀಟಿನಲ್ಲಿ ಅತ್ತೆ ತಲೆ ತುಂಬ ಸೆರಗು ಹೊದ್ದು ಕುಗ್ಗಿ ಕೂತರು. ತಾನು ಹುಟ್ಟಿದ ಊರಿನಲ್ಲಿ, ಒಡಹುಟ್ಟಿದವನ ಮನೆ ಮುಂದೆ. ನನಗೆ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಕೊನೆಗೂ ಹಿನ್ನೀರು ಸಿಕ್ಕಿತು. ಎದುರಿಗೆ ನೀರು, ಅದರಾಚೆ ಕಾಡು, ನೀರಿನ ನಡುವೆ ಒಣಗಿದ ಮರದ ಬೊಡ್ಡೆಗಳು. ಅತ್ತೆ ದಡದ ಕಲ್ಲಿನ ಮೇಲೆ ಕೂತರು, ನೀರಿಗೆ ಬೆನ್ನು ಮಾಡಿ, ಬಂದ ದಾರಿಯ ಕಡೆ ಮುಖ ಮಾಡಿ. ತಿರುಗಿ ಒಮ್ಮೆ ನೋಡಿದ ಶಾಸ್ತ್ರ ಮಾಡಿ, “ನೋಡಾಯ್ತು ಕಣವ್ವ, ನಡಿ ಓಗನ” ಅಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇದಕ್ಕಾಗಿ ಮೂರು ಭಾನುವಾರ ಒದ್ದಾಡಿದೆನಾ?

“ಫೋನ್ ಕೊಡು” ಅಂದರು. ಕೊಟ್ಟೆ. ಇನ್ನೇನು ಮಾಡಲಿ. ಕಿವಿಗಿಟ್ಟುಕೊಂಡು ಮಾತಾಡುವ ಅಭ್ಯಾಸ ಅವರಿಗಿಲ್ಲ, ಸ್ಪೀಕರಿನಲ್ಲೇ ಮಾತು.

“ನಾನು ಕಬಿನಿ ತವ ಇವ್ನಿ ಕಣಪ್ಪ. ನಿಮ್ಮೂರ ಮೇಲೇ ಬಂದೊ…”

“ಕಂಡೆ ಬುಡಕ್ಕ” ಅಂದರು ತಮ್ಮ. “ನಾನು ಜಗ್ಲಿ ಮೇಲೇ ಕೂತಿದ್ದಿ. ನೀನು ಸೆರಗು ಒದ್ಕಂಡಿದ್ದಲ್ಲ. ಮನೇವ್ಳು ಕೂಗಕೋದ್ಲು, ನಾನೇ ಸುಮ್ನಿರು ಅಂದಿ. ಇಲ್ಲಿ ಇಳುದ್ರೆ ನಿಂಗೆ ಮತ್ತೆ ನೀರು ಸಿಕ್ಕಾಕಿಲ್ಲ.”

ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. ನಾನು, ನನ್ನ ಗಂಡ ಇಬ್ಬರೂ ಅವರ ಮುಖ ನೋಡದೆ ನೆಲ ನೋಡುತ್ತಿದ್ದೆವು.

“ಎಷ್ಟು ಅಗ್ಲ ಅದೆ ಅಕ್ಕ?” ತಮ್ಮ ಕೇಳಿದರು. “ಇಷ್ಟು ಅತ್ರ ಇದ್ದೂ ನಾನು ನೋಡಿಲ್ಲ.”

“ಇರು, ಯೋಳ್ತೀನಿ.” ಅತ್ತೆ ಕೂತಲ್ಲೇ ನೀರಿನ ಕಡೆ ತಿರುಗಿದರು. ಉಳಿದಿದ್ದ ಅಷ್ಟು ನೋಟವನ್ನು ಎಡತುದಿಯಲ್ಲಿಟ್ಟು ನಿಧಾನವಾಗಿ ಕತ್ತು ತಿರುಗಿಸುತ್ತ ಹೋದರು. ಫೋನಿನಲ್ಲಿ ತಮ್ಮ, “ಏನಕ್ಕ, ಸುಮ್ಕಾಗ್ಬುಟ್ಟೆ” ಅಂದರು.

“ಸುಮ್ನಿರ್ಲಾ,” ಅಂದರು ಅತ್ತೆ. “ಇನ್ನೂ ಮುಗುದಿಲ್ಲ.”