ಅಲಗ ಎಂಬ ಹೆಸರಿನವನು

ಒಂದು ಕಾಲದಲ್ಲಿ ಗುಜರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಿಂತು "ಅಲಗ" ಎಂದು ಕೂಗಿದರೆ ನಾಲ್ಕಾರು ಮನೆಗಳಿಂದ ಮೂಗು ಸೋರಿಸಿಕೊಂಡ ಹುಡುಗರು ಹೊರಗೆ ಬರುತ್ತಿದ್ದರು. ಈಗ ಕೂಗಿದರೆ ತಿರುಗಿ ನೋಡುವವನು ಒಬ್ಬನೇ. ತಲೆ ಅರ್ಧ ನರೆತಿದೆ. ಅಂಗಡಿಗಳ ಷಟರ್ ರಿಪೇರಿ ಮಾಡುತ್ತಾನೆ. ಎಡಗೈಯ ಎರಡು ಬೆರಳು ಸದಾ ಸೆಟೆದುಕೊಂಡೇ ಇರುತ್ತವೆ. ಅಲಗು ಅಂದರೆ ಕತ್ತಿಯ ಬಾಯಿ; ಹೆತ್ತವರು ಪ್ರೀತಿಯಿಂದ ಮಗುವಿಗೆ ಇಡುವ ಹೆಸರಲ್ಲ. ಆದರೂ ಇಟ್ಟರು, ಒಬ್ಬರ ಹಿಂದೆ ಒಬ್ಬರು ಇಟ್ಟರು.

ಮೊದಲ ಅಲಗ ಗುಜರಿ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುತ್ತಿದ್ದ ಆಳು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯೊಂದನ್ನು ಉಜ್ಜಿ ಉಜ್ಜಿ ಹರಿತ ಮಾಡಿ, ಅಂಗಿಯ ಒಳಗೆ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಮಾರುಕಟ್ಟೆಯಲ್ಲಿ ಹಫ್ತಾ ಎತ್ತುತ್ತಿದ್ದ ರೌಡಿಯೊಬ್ಬನ ತೋಳನ್ನು ಒಂದು ದಿನ ಅದರಿಂದಲೇ ಸೀಳಿದ. ಪೀಡೆ ತೊಲಗಿತು ಎಂದು ಜನ ಖುಷಿಪಟ್ಟರು. ತಿಂಗಳೊಪ್ಪತ್ತಿನಲ್ಲಿ ಹಫ್ತಾ ಎತ್ತಲು ಅವನೇ ಬಂದ. ಅವನ ಸ್ವಂತ ಹೆಸರನ್ನು ಎಲ್ಲರೂ ಮರೆತರು. ಅಲಗ ಅಂದರೆ ಸಾಕಿತ್ತು.

ಅವನ ಕೈಕೆಳಗಿದ್ದ ಲಾರಿ ಕ್ಲೀನರ್ ಒಬ್ಬ ಬೆಣ್ಣೆ ಹಚ್ಚಲೆಂದು ತನ್ನ ಚೊಚ್ಚಲ ಮಗನಿಗೆ ಅದೇ ಹೆಸರಿಟ್ಟ. ಅಲಗನಿಗೆ ಅದು ನೆತ್ತಿಗೇರಿತು. ಅಂದಿನಿಂದ ಬೀದಿಯಲ್ಲಿ ಯಾರಿಗೆ ಗಂಡುಮಗು ಹುಟ್ಟಿದರೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. "ಏನಂತ ಹೆಸರಿಟ್ರಿ?" ಎಂದು ನಗುನಗುತ್ತಲೇ ಕೇಳುತ್ತಿದ್ದ. ಬ್ರೆಡ್ ಸುಡುವ ಬೇಕರಿಯವನು ತನ್ನ ಮಗನಿಗೆ ತನ್ನ ಅಪ್ಪನ ಹೆಸರಿಟ್ಟಿರುವುದಾಗಿ ಹೇಳಿದ. ಅಲಗನ ಹುಡುಗರು ಅವನ ಬಲಗೈ ಹಿಡಿದು, ಕಾದ ಒಲೆಯ ಬಾಗಿಲಿಗೆ ಒತ್ತಿದರು. ಚರ್ಮ ಕಬ್ಬಿಣಕ್ಕೆ ಅಂಟಿಕೊಂಡಿತು. ಕೈ ಎಳೆದಾಗ ಅಂಗೈ ಅಲ್ಲೇ ಉಳಿಯಿತು. ಆಮೇಲೆ ಬೀದಿಯ ಗಂಡುಮಕ್ಕಳೆಲ್ಲ ಅಲಗರೇ ಆದರು.

ನಮ್ಮ ಷಟರ್‌ನವನ ಅಪ್ಪನೂ ಷಟರ್‌ನವನೇ. ಬಟ್ಟೆ ಅಂಗಡಿಯೊಂದರ ಹಿಂಬಾಗಿಲ ಷಟರ್ ಅನ್ನು ಬೀಗ ಮುರಿಯದೆ ಎತ್ತುವಂತೆ ಮಾಡಿಕೊಡು ಎಂದು ಅಲಗ ಅವನಿಗೆ ಹೇಳಿ ಕಳಿಸಿದ.

"ನಾನು ಕೂರಿಸಿದ ಷಟರ್ ಅದು. ನಾನೇ ಹೇಗೆ ಕೆಡಿಸ್ಲಿ?" ಎಂದ ಅಪ್ಪ.

ಮಧ್ಯಾಹ್ನದ ಹೊತ್ತು, ಜನ ತುಂಬಿದ ಬೀದಿಯಲ್ಲಿ, ಅವನದೇ ಸಲಾಕೆಯಿಂದ ಅವನನ್ನು ಹೊಡೆದರು. ಮೊದಲು ಮೊಣಕಾಲು, ಆಮೇಲೆ ಪಕ್ಕೆ, ಕೊನೆಗೆ ತಲೆ. ಆಸ್ಪತ್ರೆಯ ಮೆಟ್ಟಿಲು ಹತ್ತಿಸುವಾಗಲೇ ಜೀವ ಹೋಯಿತು. ಪೊಲೀಸರು ಬಂದು ವಿಚಾರಿಸಿದಾಗ ಬೀದಿಯಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಆಗ ಅವನ ಹೆಂಡತಿ ತುಂಬಿದ ಬಸುರಿ. ಬೀದಿಯ ತಿರುವಿನಲ್ಲಿ ಒಂದು ಗೂಡಿನಷ್ಟು ಜಾಗದಲ್ಲಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದವಳು.

ಮಗು ಹುಟ್ಟಿ ಸ್ವಲ್ಪ ದಿನಕ್ಕೆ ಅಲಗ ಅವಳ ಬಾಗಿಲಿಗೂ ಬಂದ. ಕೈಯಲ್ಲಿ ಮಗುವಿಗೊಂದು ಹೊಸ ಅಂಗಿ ಬೇರೆ.

"ಏನಂತ ಹೆಸರಿಟ್ಟೆ ತಾಯಿ?"

"ನಿಮ್ಮದೇ" ಎಂದಳು ಅವಳು, ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ.

ಗಂಡನನ್ನು ಕೊಂದರೂ ಹೆಂಡತಿ ತಗ್ಗಿ ಬಗ್ಗಿ ನಡೆಯುತ್ತಾಳೆ ಎಂದು ಅವನು ಮೀಸೆ ತಿರುವಿಕೊಂಡು ಹೋದ. ಬೀದಿಯೂ ಹಾಗೇ ಅಂದುಕೊಂಡಿತು. ಹೆದರಿದ್ದಾಳೆ, ಪಾಪ, ಅಂದುಕೊಂಡಿತು.

ಮಗು ನಡೆಯಲು ಕಲಿತ ಮೇಲೆ ಅವಳ ಲೆಕ್ಕಾಚಾರ ಗೊತ್ತಾಯಿತು. ಅಲಗ ದಿನಾ ಸಂಜೆ ತನ್ನ ಪಟಾಲಮ್ಮಿನೊಂದಿಗೆ ಬೀದಿಯಲ್ಲಿ ಹಾಯುವಾಗಲೇ ಅವಳಿಗೆ ಮಗ ನೆನಪಾಗುತ್ತಿದ್ದ. ಬಾಗಿಲಿಗೆ ಬಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಏಯ್ ಅಲಗ, ಮೂಗು ಒರೆಸ್ಕೊಳ್ಳೋ. ಅಲಗ, ಮತ್ತೆ ಚಡ್ಡೀಲೇ ಮಾಡ್ಕೊಂಡ್ಯಾ? ನಾಚಿಕೆಗೆಟ್ಟವನೇ, ಎಷ್ಟು ಹೇಳಿದ್ರೂ ನಿನಗೆ ಬುದ್ಧಿ ಬರಲ್ಲ. ಒಳಗೆ ಬಾ, ತಿಕ ತೊಳೀತೀನಿ."

ಬೈಗುಳ ಮಗನಿಗೆ. ಆದರೆ ಬೀದಿಗೆ ಬೀದಿಯೇ ತಲೆ ತಗ್ಗಿಸಿ, ಕೈಗೆ ಸಿಕ್ಕ ಕೆಲಸ ಹಿಡಿದು, ನಗು ನುಂಗುತ್ತಿತ್ತು. ಕಟಿಂಗ್ ಶಾಪಿನವನು ಒಮ್ಮೆ ನಗು ತಡೆಯಲಾರದೆ ಗಿರಾಕಿಯ ಕಿವಿಯನ್ನೇ ಕುಯ್ದುಬಿಟ್ಟ. ಅಲಗನಿಗೆ ಏನು ಮಾಡಲೂ ತೋಚಲಿಲ್ಲ. ತನ್ನ ಗೌರವಕ್ಕೆಂದೇ ಇಟ್ಟ ಹೆಸರನ್ನು ಕೂಗಬೇಡ ಅಂತ ಹೇಗೆ ಹೇಳುವುದು?

ಕೊನೆಗೆ ಅವನ ಹುಡುಗರಲ್ಲೇ ಒಬ್ಬ ಕಿಸಕ್ಕನೆ ನಕ್ಕ. ಅಲಗ ಅಲ್ಲೇ ಅವನ ಹಲ್ಲು ಉದುರಿಸಿ, ನೇರ ಇಸ್ತ್ರಿ ಅಂಗಡಿಗೆ ನುಗ್ಗಿದ.

"ಇವತ್ತೇ ಇವನ ಹೆಸರು ಬದಲಾಯಿಸು."

"ಇಟ್ಟ ಹೆಸರು. ಬದಲಾಯಿಸೋದು ಹೇಗೆ?"

ಅವಳ ಕಪಾಳಕ್ಕೆ ಬಾರಿಸಿದ. ಅವಳು ಬಟ್ಟೆ ರಾಶಿಯ ಮೇಲೆ ಬಿದ್ದಳು. ಅವನು ಮೂಲೆಯಲ್ಲಿ ನಿಂತಿದ್ದ ಮಗುವಿನ ಕೂದಲು ಹಿಡಿದು ಮೇಲಕ್ಕೆತ್ತಿದ. ಮಗುವಿನ ಕಾಲು ನೆಲ ಬಿಟ್ಟಿತು. "ಹೆಸರಿದ್ದವನೇ ಇಲ್ಲದ ಹಾಗೆ ಮಾಡ್ಲಾ?" ಎಂದು ಇನ್ನೊಂದು ಕೈಯನ್ನು ಬೆನ್ನಿಗೆ ಒಯ್ದ. ಅವಳು ಎದ್ದಳು. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಒತ್ತಿದಳು. ಬಡಿಯಲಿಲ್ಲ, ಅಂಗಿಯ ಕಾಲರಿಗೆ ಒತ್ತುವ ಹಾಗೆ ಬಿಗಿಯಾಗಿ ಒತ್ತಿ ಹಿಡಿದಳು. ಅವನು ಕಿರುಚಿಕೊಂಡು ಮಗುವನ್ನು ಬಿಟ್ಟ. ಬೀದಿಗೆ ಓಡಿ ಬಂದಾಗ ಕಿವಿಯಿಂದ ತುಟಿಯವರೆಗೆ ಮೂರು ಮೂಲೆಯ ಗುರುತು ಬೆಂದು ಬೆಳ್ಳಗಾಗಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು.

ಅವನು ಅಳುವುದನ್ನು ಬೀದಿ ಅದೇ ಮೊದಲು ನೋಡಿದ್ದು.

ಮುಖದ ಗಾಯ ಮಾಯುವ ಮೊದಲೇ, ಮಾರುಕಟ್ಟೆಯ ನಡುವೆ ಅವನು ಒಬ್ಬನೇ ಸಿಕ್ಕಿದ. ಯಾರೋ ಒಬ್ಬರು ಷಟರ್ ಎಳೆದರು. ಅದರ ಸದ್ದಿಗೆ ಸಾಲಿನ ಎಲ್ಲ ಷಟರ್‌ಗಳೂ ಒಂದೊಂದಾಗಿ ಕೆಳಗಿಳಿದವು. ಓಡಿ ಹೋಗಿ ಸೇರಿಕೊಳ್ಳಲು ಒಂದು ಬಾಗಿಲೂ ಉಳಿಯಲಿಲ್ಲ. ತಕ್ಕಡಿಯ ಬಟ್ಟು, ಕಲ್ಲು, ಕಬ್ಬಿಣದ ಕೊಳವೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಹೊಡೆದರು. ಹೊಡೆದವರಲ್ಲಿ ಮಕ್ಕಳಿಗೆ ಅವನ ಹೆಸರಿಟ್ಟವರೂ ಇದ್ದರು. ಉಸಿರು ನಿಂತ ಮೇಲೂ ಕೆಲವರ ಕೈ ನಿಲ್ಲಲಿಲ್ಲ. ಪೊಲೀಸರು ಬಂದರು. ಈ ಸಲವೂ ಯಾರೂ ಏನನ್ನೂ ನೋಡಿರಲಿಲ್ಲ.

ಇಸ್ತ್ರಿಯವಳು ಆ ಹೆಣ ನೋಡಲು ಹೋಗಲಿಲ್ಲ. ಸುದ್ದಿ ತಂದ ಪಕ್ಕದ ಮನೆಯವಳು, "ಕೊನೆಗೂ ನಿನ್ನ ಗಂಡನ ಸೇಡು ತೀರಿತಲ್ಲ" ಎಂದಾಗ ಅವಳು ಕೇಳಿದ್ದು ಇಷ್ಟೇ: "ಇಷ್ಟೊಂದು ಕೈಗಳು ಅವತ್ತು ಎಲ್ಲಿದ್ವು?"

ಅಲಗನೊಂದಿಗೆ ಹೆಸರೂ ಸತ್ತಿತು. ಒಂದು ವಾರದೊಳಗೆ ಬೀದಿಯ ಹುಡುಗರಿಗೆಲ್ಲ ಹೊಸ ಹೆಸರು ಬಂತು. ತಾಯಂದಿರು ಬಾಯಿತಪ್ಪಿ ಹಳೇ ಹೆಸರು ಕೂಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಹೊಸ ಹೆಸರು ತಮ್ಮದೇ ಎಂದು ಗೊತ್ತಾಗದೆ ಹುಡುಗರು ಪಿಳಿಪಿಳಿ ನೋಡುತ್ತಿದ್ದರು. ಇಸ್ತ್ರಿಯವಳು ಮಾತ್ರ ಬದಲಾಯಿಸಲಿಲ್ಲ. "ಆ ಹೆಸರನ್ನ ನಾನು ದಿನಾ ಬೀದೀಲಿ ಹಾಕಿ ತೊಳೆದಿದ್ದೀನಿ. ಕೊಳೆ ಹೋದ ಮೇಲೆ ಬಿಸಾಡ್ಲಾ?" ಎಂದಳು.

ತೊಳೆದದ್ದು ಅವಳು, ಅದನ್ನು ಉಟ್ಟು ತಿರುಗಬೇಕಾದವನು ಹುಡುಗ. ಮೊನ್ನೆಮೊನ್ನೆವರೆಗೂ ಅದೇ ಹೆಸರು ಹೊತ್ತಿದ್ದ ಹುಡುಗರೇ ಶಾಲೆಯ ಹಿಂದೆ ಅವನನ್ನು ಕೆಡವಿ ಒದೆಯುತ್ತಿದ್ದರು. ತಮ್ಮ ಅಪ್ಪಂದಿರು ಮಾರುಕಟ್ಟೆಯಲ್ಲಿ ಆಡಿದ್ದನ್ನು ಅವರು ಅವನ ಮೇಲೆ ಆಡುತ್ತಿದ್ದರು. ಹುಬ್ಬು ಒಡೆದುಕೊಂಡು ಬಂದವನು ಒಮ್ಮೆ, "ಅಮ್ಮಾ, ನನಗೂ ಬೇರೆ ಹೆಸರು ಇಡು" ಎಂದ. ಅವಳು ರಕ್ತ ಒರೆಸಿದಳು. "ಅಲಗ, ಊಟಕ್ಕೆ ಬಾ" ಎಂದಳು. ಅವನು ಮತ್ತೆ ಕೇಳಲಿಲ್ಲ. ಆ ಸಿಟ್ಟು ಮಾತ್ರ ಬಹಳ ವರ್ಷ ಅವನೊಳಗೆ ಕುದಿಯುತ್ತಿತ್ತು.

ಮೀಸೆ ಮೂಡುವ ಹೊತ್ತಿಗೆ ಅಪ್ಪನ ಕೆಲಸ ಕಲಿತ. ಷಟರ್‌ನ ಜೀವ ಇರುವುದು ಮೇಲಿನ ಪೈಪಿನಲ್ಲಿ. ಅದರೊಳಗೆ ಸ್ಪ್ರಿಂಗ್ ಇರುತ್ತದೆ. ಪೈಪಿನ ತೂತಿಗೆ ಸಲಾಕೆ ತೂರಿಸಿ, ಸುತ್ತಿ ಸುತ್ತಿ ಬಿಗಿ ಮಾಡಬೇಕು. ಕೈ ಜಾರಿದರೆ ಸಲಾಕೆ ತಿರುಗಿ ಬಂದು ತಲೆಬುರುಡೆಯನ್ನೇ ಒಡೆಯುತ್ತದೆ.

ಆ ಹೊತ್ತಿಗೆ ಸತ್ತ ಅಲಗನ ತಮ್ಮ ಜೈಲಿನಿಂದ ಹೊರಬಂದ. ಅಣ್ಣನ ರಾಜ್ಯ ಮತ್ತೆ ಕಟ್ಟುವ ಆಸೆ ಅವನಿಗೆ. ನಾಲ್ಕಾರು ಹುಡುಗರನ್ನು ಕಟ್ಟಿಕೊಂಡು ಷಟರ್‌ನವನ ಕೆಲಸದ ಜಾಗಕ್ಕೇ ಬಂದು ಹೆಗಲ ಮೇಲೆ ಕೈಯಿಟ್ಟ.

"ನಮ್ಮಣ್ಣನ ಹೆಸರಿಟ್ಕೊಂಡು ಗ್ರೀಸ್ ಬಳೀತಾ ಕೂತಿದ್ದೀಯಲ್ಲೋ. ನಮ್ಮ ಜೊತೆ ಬಾ. ಅಲಗ ಮತ್ತೆ ಬಂದ ಅಂದ್ರೆ ಸಾಕು, ಮಾರುಕಟ್ಟೆ ಉಚ್ಚೆ ಹೊಯ್ಕೊಳ್ಳುತ್ತೆ."

"ನಿಮ್ಮಣ್ಣ ನಮ್ಮಪ್ಪನ್ನ ಕೊಂದೋನು. ಈ ಹೆಸರು ನಮ್ಮಮ್ಮ ಇಟ್ಟಿದ್ದು. ನಿಮ್ಮದೇನೂ ಇಲ್ಲ ಇದರಲ್ಲಿ" ಎಂದ ಹುಡುಗ.

ಅವನ ಎಡಗೈಯನ್ನು ಹೊಸ್ತಿಲ ಮೇಲಿಟ್ಟು, ಮೇಲಿನಿಂದ ಷಟರ್ ಎಳೆದರು. ಎರಡು ಬೆರಳಿನ ಮೂಳೆ ಪುಡಿಯಾಯಿತು. "ಗಾಯ ಮಾಯೋವರೆಗೂ ಯೋಚನೆ ಮಾಡು" ಎಂದು ಹೇಳಿ ಹೋದರು.

ಗಾಯ ಮಾಯ್ದ ಮೇಲೆ ಮತ್ತೆ ಬಂದರು. ಆಗ ಅವನು ಔಷಧಿ ಅಂಗಡಿಯ ಮುಂದೆ ಏಣಿಯ ಮೇಲೆ ನಿಂತು ಸ್ಪ್ರಿಂಗ್ ಬಿಗಿಯುತ್ತಿದ್ದ. ಸತ್ತವನ ತಮ್ಮ ಏಣಿಯನ್ನು ಅಲ್ಲಾಡಿಸುತ್ತ, "ಇಳಿಯೋ, ಇಲ್ಲಾಂದ್ರೆ ನಿಮ್ಮಮ್ಮನ ಮುಖಕ್ಕೆ ಇಸ್ತ್ರಿ ಹಾಕಿಸ್ತೀನಿ" ಎಂದ. ಹುಡುಗ ಒಮ್ಮೆ ಕೆಳಗೆ ನೋಡಿದ. ತನ್ನ ತಲೆ ಪಕ್ಕಕ್ಕೆ ವಾಲಿಸಿ ಕೈ ಬಿಟ್ಟ. ಪೈಪು ಬುರ್ರೆಂದು ತಿರುಗಿತು. ಸಲಾಕೆ ಎರಡು ಸುತ್ತು ಹೊಡೆದು, ಚಿಮ್ಮಿ ಬಂದು, ಕೆಳಗಿದ್ದವನ ದವಡೆ ಮುರಿಯಿತು. ಹಲ್ಲು, ರಕ್ತ ಔಷಧಿ ಅಂಗಡಿಯ ಗಾಜಿನ ಮೇಲೆಲ್ಲ ಚೆಲ್ಲಿತು. ಅವನು ಬದುಕಿದ, ಆದರೆ ಆಮೇಲೆ ಅವನಾಡುವ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಮಾತೇ ತಿಳಿಯದವನಿಗೆ ಹೆದರುವವರು ಯಾರು?

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹೆಸರು ಕೇಳಿದ. ಹೇಳಿದಾಗ ನಕ್ಕ. "ಹೆಸರಲ್ಲೇ ಎಲ್ಲಾ ಇದೆಯಲ್ಲಪ್ಪ. ಇನ್ನು ಸಾಕ್ಷಿ ಯಾಕೆ?" ಕೈ ಜಾರಿತು ಅಂತ ಹೇಳು, ಬಿಟ್ಟುಬಿಡುತ್ತಾರೆ ಎಂದು ವಕೀಲರು ಹೇಳಿಕೊಟ್ಟಿದ್ದರು. ನ್ಯಾಯಾಧೀಶರ ಮುಂದೆ ಅವನು, "ಜಾರಲಿಲ್ಲ ಸ್ವಾಮಿ, ನಾನೇ ಬಿಟ್ಟೆ" ಎಂದ. ಶಿಕ್ಷೆಯಾಯಿತು. ಜೈಲಿನಲ್ಲಿ ಆ ಹೆಸರು ಕೇಳಿ ಕೆಲವರು ಹೊಡೆದರು, ಕೆಲವರು ಕಾಲು ಒತ್ತಲು ಬಂದರು. ಕಾಲು ಒತ್ತಲು ಬಂದವರನ್ನು ಕಂಡರೆ ಅವನಿಗೆ ಹೆಚ್ಚು ಹೇಸಿಗೆಯಾಗುತ್ತಿತ್ತು. ಬೆದರಿದವರ ನಡುವೆ ಬದುಕುವುದು ಏನೆಂದು ಅಲ್ಲಿ ಗೊತ್ತಾಯಿತು. ಅಂಥವರ ನಡುವೆ ಅಮ್ಮ ಒಬ್ಬಳೇ ಬೆದರದೆ ನಿಂತಿದ್ದಳು ಎಂದು ಹೊಳೆದು, ಅವಳ ಮೇಲಿದ್ದ ಸಿಟ್ಟೂ ಅಲ್ಲೇ ಇಳಿಯಿತು.

ಹೊರಬಂದಾಗ ಕೆಲಸ ಕೊಡುವವರಿಲ್ಲ. ಮೊದಲು ಕರೆದವನು ಕೈ ಸುಟ್ಟ ಬೇಕರಿಯವನು. ಷಟರ್ ಕಿರುಗುಟ್ಟುತ್ತಿದೆ, ನೋಡು ಎಂದ. ಆ ಹೆಸರು ಅವನ ಬಾಯಲ್ಲಿ ಬರುತ್ತಿರಲಿಲ್ಲ. "ತಮ್ಮಾ" ಎಂದೇ ಕರೆಯುತ್ತಿದ್ದ. ಕೆಲಸ ಮುಗಿಯುವವರೆಗೂ ಏಣಿಯನ್ನು ಒಳ್ಳೆಯ ಕೈಯಲ್ಲಿ ಹಿಡಿದು ನಿಂತಿದ್ದ. ಅದನ್ನು ನೋಡಿ ಉಳಿದವರೂ ಕರೆಯತೊಡಗಿದರು.

ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳೊಬ್ಬಳನ್ನು ಅವನು ಮದುವೆಯಾದ. ಹುಟ್ಟಿದ ಇಬ್ಬರೂ ಹೆಣ್ಣುಮಕ್ಕಳೇ. ಕಿರಿಯವಳು ಈಗ ಅಪ್ಪನೊಂದಿಗೆ ಏಣಿ ಹತ್ತುತ್ತಾಳೆ.

ಈಚೆಗೆ ಮೊಬೈಲ್ ಅಂಗಡಿಯೊಂದರ ಷಟರ್ ಸರಿಮಾಡಿಕೊಟ್ಟು ಬಂದಿದ್ದ. ಕೆಲವು ವಾರದ ಮೇಲೆ ಆ ಅಂಗಡಿಯ ಹುಡುಗ ಹೆಂಡತಿ ಮಗುವಿನೊಂದಿಗೆ ಮನೆಗೇ ಬಂದ. "ಅಣ್ಣಾ, ನಿಮ್ಮ ಹೆಸರು ಕೇಳಿದಾಗಿನಿಂದ ತಲೇಲೇ ಕೂತಿತ್ತು. ಚಿಕ್ಕದಾಗಿದೆ, ಬೇರೆ ಯಾರಿಗೂ ಇಲ್ಲ. ಮಗನಿಗೆ ಅದನ್ನೇ ಇಟ್ವಿ. ಎಲ್ಲಿಂದ ಬಂತಣ್ಣ ಈ ಹೆಸರು?"

ಷಟರ್‌ನವನು ಅವರನ್ನು ಕೂರಿಸಿ, ಏನನ್ನೂ ಮುಚ್ಚಿಡದೆ ಹೇಳಿದ. ಬೇಕರಿಯವನ ಅಂಗೈ, ಅಪ್ಪನ ತಲೆ, ತಾನು ಮುರಿದ ದವಡೆ, ಎಲ್ಲ. ಹುಡುಗನ ಮುಖ ಬಿಳುಚಿಕೊಂಡಿತು. "ಬೇರೆ ಯಾವುದಾದ್ರೂ ನೋಡ್ತೀವಿ" ಎಂದು ತೊದಲಿದ.

ಹೆಂಡತಿ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. "ನಿಮ್ಮಮ್ಮ ಇದ್ದಾರಾ?"

"ಇಲ್ಲಮ್ಮ. ಹೋದ ಚಳಿಗಾಲದಲ್ಲಿ ಹೋದ್ರು."

"ಯಾರಾದ್ರೂ ಕೇಳಿದ್ರೆ ಅವರಿಟ್ಟ ಹೆಸರು ಅಂತೀನಿ" ಎಂದಳು ಅವಳು. ಗಂಡ ಏನೋ ಹೇಳಲು ಬಾಯಿ ತೆರೆದ. ಅವಳು ಅವನತ್ತ ನೋಡಲೂ ಇಲ್ಲ. ಷಟರ್‌ನವನು ಕೈಯ ಗ್ರೀಸನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಂಡು, ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ.