ಜೇಬಿಗೊಂದು ದುರ್ಬೀನು

ಚಳಿ ಶುರುವಾದರೆ ದುಬೈಯಲ್ಲಿ ನಾನು ಶನಿವಾರ ಬೆಳಿಗ್ಗೆ ಗುಲಾಬಿ ಬಣ್ಣದ ಫ್ಲೆಮಿಂಗೋ ಹಕ್ಕಿ ನೋಡಲು ಹೋಗುತ್ತೇನೆ. ಜೇಬಿನಲ್ಲಿ ಹಿಡಿಸುವ ಒಂಟಿಗಣ್ಣಿನ ದುರ್ಬೀನೊಂದು ಬೇಕೆನಿಸಿ, ಬರ್ ದುಬೈಯ ಕ್ರೀಕ್ ಎಂಬ ಹಿನ್ನೀರಿನ ದಂಡೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಭಟ್ಕಳದವರು. ನನ್ನ ಕನ್ನಡ ಕೇಳಿದ್ದೇ ಮೂರು ದುರ್ಬೀನು ಕೊಟ್ಟು, ಆಚೆ ದಡ ನೋಡಿ ಎಂದು ಬಾಗಿಲಲ್ಲಿ ನಿಲ್ಲಿಸಿದರು.

ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವುದನ್ನು ಹಿಡಿದರೆ ಆಚೆ ದಡವೇ ಕುಣಿಯಿತು.

"ಅದಕ್ಕೆ ಕೈ ನಡುಗಬಾರ್ದು ಮೇಡಂ. ಎಂಟರದ್ದು ನೋಡಿ," ಎಂದರು.

ಎಂಟರದ್ದು ಎರಡಿದ್ದವು. ಒಂದಕ್ಕೆ ನನ್ನ ಕನ್ನಡಕ ಅಡ್ಡ ಬಂದು ನೋಟವೇ ಅರ್ಧ ಕಪ್ಪಾಯಿತು. ಇನ್ನೊಂದನ್ನು ಕಣ್ಣಿಗಿಟ್ಟೆ. ದಡಕ್ಕೆ ಬರುತ್ತಿದ್ದ ಅಬ್ರಾ ದೋಣಿಯಲ್ಲಿ ಕೂತವರ ಮುಖಗಳೆಲ್ಲ ಸ್ಪಷ್ಟ. ಅದರಲ್ಲೊಂದು ನನ್ನ ಅಕ್ಕನದು! ಎಣ್ಣೆ ತಿಂಡಿ ಬಿಡಿ ಎಂದು ತಿಂಗಳಿಂದ ಮನೆಮಂದಿಗೆಲ್ಲ ಉಪದೇಶ ಮಾಡುತ್ತಿದ್ದ ನರ್ಸ್ ಅಕ್ಕ, ಕಣ್ಣು ಮುಚ್ಚಿ ಸಮೋಸ ತಿನ್ನುತ್ತಿದ್ದಳು.

ತಕ್ಷಣ ಫೋನ್ ಮಾಡಿದೆ. "ಅಕ್ಕ, ಚಟ್ನಿ ಕೊಡಲಿಲ್ವಾ?"

ಅಕ್ಕ ಸಮೋಸವನ್ನು ಬ್ಯಾಗಿನ ಹಿಂದೆ ಅಡಗಿಸಿ ಮೊದಲು ಪಕ್ಕದವರನ್ನು, ಆಮೇಲೆ ಆಕಾಶವನ್ನು ನೋಡಿದಳು. "ನೀನೆಲ್ಲಿದ್ದಿ ಮಾರಾಯ್ತಿ?"

ನಗು ತಡೆಯಲಾರದೆ ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಅಂಗಡಿಯವರೂ ಇಸಿದುಕೊಂಡು ನೋಡಿ, "ಖಲಾಸ್, ಆಯ್ಕೆ ಮುಗೀತು, ಇದನ್ನೇ ಪ್ಯಾಕ್ ಮಾಡ್ತೇನೆ," ಎಂದರು.

ಹತ್ತು ನಿಮಿಷದಲ್ಲಿ ಅಕ್ಕ ಬೈಯುತ್ತ, ನಗುತ್ತ ಅಂಗಡಿಗೇ ಬಂದಳು. ದುರ್ಬೀನು ಕಿತ್ತುಕೊಂಡು ಹಡಗು, ಗೋಪುರ, ಎದುರು ದಡದ ಕಿಟಕಿ ಎಲ್ಲವನ್ನೂ ನೋಡತೊಡಗಿದವಳು ವಾಪಸ್ ಕೊಡಲೇ ಇಲ್ಲ. ಆ ಶನಿವಾರ ನಾವಿಬ್ಬರೂ ಅದಕ್ಕಾಗಿ ಮಕ್ಕಳಂತೆ ಜಗಳಾಡುತ್ತಲೇ ಗುಲಾಬಿ ಹಕ್ಕಿಗಳನ್ನು ನೋಡಿದೆವು.