ಅಕ್ಕನ ಹಸಿರು ಗೋಡೆ

ಸಿಂದಗಿಯ ನಮ್ಮ ಮನೆಯಲ್ಲಿ ಬಣ್ಣವೆಂದರೆ ಬರೀ ಬಣ್ಣವಲ್ಲ. ಹಸಿರು ಬಸುರಿಗೆ, ಮುತ್ತೈದೆಗೆ. ಗಂಡ ಸತ್ತವಳು ಅದರ ಗೊಡವೆಗೆ ಹೋಗಬಾರದು. ಭಾವ ತೀರಿಕೊಂಡ ಮೇಲೆ ತವರಿಗೆ ಮರಳಿದ ಅಕ್ಕ ಎರಡು ವರ್ಷ ಬೂದು, ಕಂದು ಸೀರೆಗಳಲ್ಲೇ ಕಳೆದಳು. ಹೋದ ವರ್ಷ ಮಾತ್ರ ತನ್ನ ಹೊಲಿಗೆ ಕೋಣೆಗೆಂದು ವಾಲ್‌ಪೇಪರ್ ತಂದಳು. ಸುರುಳಿ ಬಿಚ್ಚಿದರೆ ತುಂಬ ಹಸಿರು ಎಲೆಗಳು.

ಅವ್ವನ ಮುಖ ಕಪ್ಪಿಟ್ಟಿತು. “ಇಷ್ಟೆಲ್ಲಾ ಬಣ್ಣ ಬಿಟ್ಟು ಹಸಿರೇ ಬೇಕಾತೇನ ನಿನಗ? ನಾಳೆ ಇಂಡಿಯಿಂದ ನಿಮ್ಮ ಸೋದರತ್ತಿ ಬರ್ತಾಳ. ನಾಕ ಮಂದಿ ಏನಂದಾರು?”

“ಮೈಮ್ಯಾಲ ಉಡಾಕತ್ತಿಲ್ಲ ಅವ್ವಾ, ಗ್ವಾಡಿಗಿ ಹಚ್ಚಾಕತ್ತೇನಿ,” ಎಂದಳು ಅಕ್ಕ.

ನಾನು ಅಕ್ಕನ ಪಕ್ಷ. ಇಬ್ಬರೂ ಸೇರಿ ಸಂಜೆಯೊಳಗೆ ಅಂಟಿಸಿದೆವು. ನಮ್ಮ ಜಾಣತನಕ್ಕೆ ಏನು ಹೇಳಲಿ! ಪಂಚಮಿ ಹಬ್ಬಕ್ಕೆಂದು ಅವ್ವ ಆ ಗೋಡೆಗೆ ಆಗಷ್ಟೇ ಸುಣ್ಣ ಬಳಿದಿದ್ದಳು. ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿತ್ತು. ಕಾಗದ ಹಿಡಿದದ್ದು ಗೋಡೆಯನ್ನಲ್ಲ, ಸುಣ್ಣವನ್ನು.

ಮರುದಿನ ಅತ್ತೆ ಕೋಣೆ ನೋಡಿ ಹುಬ್ಬು ಗಂಟಿಕ್ಕಿದಳು. ಅಲ್ಲಿಗೇ ಚಹಾ ಬಂತು. ಆಗಲೇ ಕಾಗದದ ಮೇಲಿನ ಮೂಲೆ ಬಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ ಶಕುನ ನೋಡುವ ಹೆಂಗಸು ಈ ಅತ್ತೆ. ಇದು ಬಿದ್ದರೆ ನಂಟರಿಷ್ಟರಲ್ಲೆಲ್ಲ ಡಂಗುರ, ಅಕ್ಕ ಮತ್ತೆಂದೂ ಬಣ್ಣದ ತಂಟೆಗೆ ಹೋಗುವುದಿಲ್ಲ. ಎದ್ದು ಹೋಗಿ ಗೋಡೆಗೆ ಬೆನ್ನು ಒತ್ತಿ ನಿಂತೆ.

“ಕುಂಡ್ರ ಬಾ,” ಎಂದಳು ಅತ್ತೆ.

“ಕುಂತು ಕುಂತು ಸೊಂಟ ಹಿಡದೈತ್ರಿ.”

ಬೆನ್ನ ಹಿಂದೆ ಕಾಗದ ಚರಚರ ಅನ್ನುತ್ತಿತ್ತು. ಅಕ್ಕನಿಗೂ ಗೊತ್ತಾಗಿತ್ತು. ಒಮ್ಮೆಲೇ ಇಡೀ ಹಾಳೆ ನನ್ನ ತಲೆಯ ಮೇಲೆ ಬಿತ್ತು. ಸುಣ್ಣದ ಪುಡಿಯಲ್ಲಿ ಮಿಂದೆ.

“ನೋಡಿದೇನ?” ಅತ್ತೆ ಅಕ್ಕನ ಕಡೆ ತಿರುಗಿದಳು. “ನಿನ್ನ ಹಣ್ಯಾಗ ಹಸಿರು ಬರದಿಲ್ಲವ್ವಾ. ಗ್ವಾಡಿನೂ ಒಲ್ಲೆ ಅಂತು.”

ಅಕ್ಕ ಹಾಳೆ ಸುತ್ತತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿಂದ ಕಬ್ಬಿಣದ ಸಟ್ಟುಗ ತಂದು ಗೋಡೆ ಕೆರೆಯತೊಡಗಿದಳು.

“ಹಣಿಬರ ಅಲ್ರಿ, ಸುಣ್ಣ,” ಎಂದಳು ಅತ್ತೆಯ ಕಡೆ ತಿರುಗದೆ. “ಗ್ವಾಡಿಗಿ ಬಡದಾಕಿ ನಾನು.” ಆಮೇಲೆ ಅಕ್ಕನಿಗೆ, “ಸುತ್ತಿ ಇಡಬ್ಯಾಡ ಅದನ್ನ. ಗ್ವಾಡಿ ತೊಳದು ಒಣಗಿಸೂಣು. ಈ ಸಲ ನಾನೂ ಹಿಡಕೊಂಡು ನಿಂದರ್ತೇನಿ.”

ಭಾವ ಸತ್ತ ದಿನವೂ ಕಲ್ಲಿನಂತೆ ಕುಳಿತಿದ್ದ ಅಕ್ಕ, ಅತ್ತೆಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು.